ದಂಡ ತೆತ್ತವರು: ಹದಿಹರೆಯದ ಪ್ರೇಮಕಾದಂಬರಿಗಳ ಉಪಪಾತ್ರಗಳನ್ನು ಕುರಿತು

ಅಮೆರಿಕದಲ್ಲಿ ಹದಿಹರೆಯದವರಿಗಾಗಿ ಬಂದ ಪ್ರೇಮಕಾದಂಬರಿಗಳಲ್ಲಿ ಯಾವುದು ಬದುಕಿಗೆ ಹತ್ತಿರ ಎಂಬ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ದೇಹಸಂಬಂಧವನ್ನು ಎಷ್ಟು ಬಿಚ್ಚಿ ಹೇಳಿದೆ? ನಿಷೇಧ ಕೇಳುವವರೂ ಪುಸ್ತಕದ ಪರ ನಿಲ್ಲುವವರೂ ಇದೇ ಅಳತೆಗೋಲು ಹಿಡಿಯುತ್ತಾರೆ. ಅದು ಸಾಲದೆಂಬುದು ನನ್ನ ವಾದ. ಪ್ರೀತಿಸಿದ್ದಕ್ಕೆ ಕಥೆಯೊಳಗೆ ದಂಡ ತೆರುವವರು ಯಾರು ಎಂದು ಹುಡುಕುತ್ತ ಹೋದರೆ, ಧೈರ್ಯದ ಕೃತಿಗಳೆಂದು ಹೆಸರಾದ ಕಾದಂಬರಿಗಳಲ್ಲಿಯೂ ಹಳೆಯ ಭಯ ಬೇರೊಂದು ಜಾಗದಲ್ಲಿ ಉಳಿದುಕೊಂಡಿರುವುದು ಕಾಣುತ್ತದೆ.

ಆ ಹಳೆಯ ಭಯದ ರೂಪ ಮೊದಲು ಗೊತ್ತಿರಬೇಕು. ಆನ್ ಹೆಡ್ ಬರೆದ ‘ಮಿಸ್ಟರ್ ಅಂಡ್ ಮಿಸೆಸ್ ಬೋ ಜೋ ಜೋನ್ಸ್’ (1967) ಕಾದಂಬರಿಯಲ್ಲಿ ಶಾಲೆ ಮುಗಿಸದ ಹುಡುಗಿ ಬಸುರಾಗುತ್ತಾಳೆ, ಅವಸರದ ಮದುವೆಯಾಗುತ್ತದೆ, ಹುಟ್ಟಿದ ಕೂಸು ಉಳಿಯುವುದಿಲ್ಲ. ಪಾಲ್ ಜಿಂಡೆಲ್‌ರ ‘ಮೈ ಡಾರ್ಲಿಂಗ್, ಮೈ ಹ್ಯಾಂಬರ್ಗರ್’ (1969) ಕಾದಂಬರಿಯ ಲಿಜ್ ಕದ್ದುಮುಚ್ಚಿ ಗರ್ಭಪಾತ ಮಾಡಿಸಿಕೊಂಡು ಜೀವಾಪಾಯಕ್ಕೆ ಸಿಲುಕುತ್ತಾಳೆ. ಇವುಗಳನ್ನು ಬರೇ ನೀತಿಪಾಠವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗರ್ಭಪಾತದ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 1973ರಲ್ಲಿ. ಅವಿವಾಹಿತರಿಗೂ ಗರ್ಭನಿರೋಧಕ ಪಡೆಯುವ ಹಕ್ಕಿದೆಯೆಂದು ಅದೇ ಕೋರ್ಟ್ ಹೇಳಿದ್ದು 1972ರಲ್ಲಿ. ಅದಕ್ಕೆ ಮುಂಚಿನ ಹುಡುಗಿಯರಿಗೆ ಆ ಅಪಾಯ ಕಥೆಗಾರರು ಕಟ್ಟಿದ್ದಾಗಿರಲಿಲ್ಲ.

ಜೂಡಿ ಬ್ಲೂಮ್ ‘ಫಾರೆವರ್’ (1975) ಬರೆದದ್ದು ಇದಕ್ಕೆ ಎದುರಾಗಿ. ಪ್ರೀತಿಸಿದ ಮಕ್ಕಳಲ್ಲಿ ಯಾರೂ ಸಾಯದ ಕಥೆಯೊಂದನ್ನು ಬರೆ ಎಂದು ಅವರ ಮಗಳೇ ಕೇಳಿದ್ದಳೆಂದು ಬ್ಲೂಮ್ ಹಲವು ಕಡೆ ಹೇಳಿಕೊಂಡಿದ್ದಾರೆ. ನ್ಯೂಜೆರ್ಸಿಯ ಕ್ಯಾಥರಿನ್ ಮತ್ತು ಮೈಕೆಲ್ ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದಾರೆ. ಹೊಸವರ್ಷದ ಪಾರ್ಟಿಯೊಂದರಲ್ಲಿ ಪರಿಚಯವಾಗುತ್ತದೆ, ಬೇಸಿಗೆಯ ಹೊತ್ತಿಗೆ ಎಲ್ಲ ಮುಗಿಯುತ್ತದೆ. ಕಾದಂಬರಿ ಕುಖ್ಯಾತವಾದದ್ದು ಕೆಲವೇ ಪುಟಗಳಿಂದ. ನನಗೆ ಮಾತ್ರ ಅದರ ನಿಜವಾದ ಸಾಧನೆ ಕಾಣುವುದು ಅದು ಕೊಡುವ ವ್ಯವಹಾರದ ವಿವರಗಳಲ್ಲಿ. ಯಾರ ಮನೆಯಲ್ಲಿ ಯಾವಾಗ ಯಾರೂ ಇರುವುದಿಲ್ಲ, ಎಷ್ಟು ಗಂಟೆಗೆ ವಾಪಸು ಬರಬೇಕು, ಕಾರು ಯಾರದು. ವಕೀಲೆಯಾದ ಅಜ್ಜಿ ಕುಟುಂಬ ಯೋಜನೆಯ ಕರಪತ್ರಗಳನ್ನು ಅಂಚೆಯಲ್ಲಿ ಕಳಿಸುತ್ತಾಳೆ. ಹುಡುಗಿ ತಾನೇ ಫೋನ್ ಮಾಡಿ, ನ್ಯೂಯಾರ್ಕಿನ ಚಿಕಿತ್ಸಾಲಯಕ್ಕೆ ಒಬ್ಬಳೇ ಹೋಗಿ, ವೈದ್ಯರ ತಪಾಸಣೆ ಮುಗಿಸಿ ಗುಳಿಗೆ ಪಡೆಯುತ್ತಾಳೆ. ಪ್ರೇಮಕಥೆಗಳು ಹಾರಿಸಿಬಿಡುವ ಈ ಓಡಾಟವನ್ನು ಬ್ಲೂಮ್ ಹಾರಿಸುವುದಿಲ್ಲ. ಕೊನೆಯೂ ಅಷ್ಟೇ ಸಾದಾ. ತಂದೆತಾಯಿ ಮಗಳನ್ನು ನ್ಯೂಹ್ಯಾಂಪ್‌ಶೈರಿನ ಟೆನಿಸ್ ಶಿಬಿರದ ಕೆಲಸಕ್ಕೆ ಕಳಿಸುತ್ತಾರೆ, ಅಲ್ಲಿ ಥಿಯೋ ಎಂಬವನತ್ತ ಅವಳ ಮನಸ್ಸು ಹೊರಳುತ್ತದೆ. ಅದೇ ಬೇಸಿಗೆಯಲ್ಲಿ ಅಜ್ಜ ತೀರಿಕೊಳ್ಳುತ್ತಾನೆ. ಮೈಕೆಲ್‌ನ ಮೇಲಿನ ಪ್ರೀತಿ ಸುಳ್ಳಾಗಿರಲಿಲ್ಲ. ಅದು ಮುಗಿಯಿತು, ಅಷ್ಟೇ. ಯಾರೂ ಕೆಟ್ಟವರಾಗದೆ, ಯಾರಿಗೂ ಶಾಪ ತಟ್ಟದೆ ಮೊದಲ ಪ್ರೇಮ ಮುಗಿಯಬಹುದೆಂಬುದನ್ನು ಇಷ್ಟು ನೇರವಾಗಿ ಹೇಳಿದ್ದು ದೊಡ್ಡ ಕೆಲಸ.

ಆದರೆ ಕ್ಯಾಥರಿನ್‌ಳ ಸುತ್ತಲಿನವರನ್ನು ನೋಡಬೇಕು. ಸಿಬಿಲ್ ಎಂಬ ಹುಡುಗಿ ಬಸುರಾಗಿ ಹೆತ್ತು ಮಗುವನ್ನು ದತ್ತು ಕೊಡುತ್ತಾಳೆ. ನಟನಾಗಬೇಕೆಂದಿದ್ದ ಆರ್ಟಿ, ತಂದೆಯ ವಿರೋಧದಲ್ಲಿ ಕುಸಿದು, ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆ ಸೇರುತ್ತಾನೆ. ಹೆಡ್ ಮತ್ತು ಜಿಂಡೆಲ್ ನಾಯಕಿಯ ತಲೆಯ ಮೇಲೆ ಹಾಕಿದ್ದ ಭಾರವನ್ನು ಬ್ಲೂಮ್ ಇಳಿಸಿದ್ದಾರೆ ನಿಜ, ಆದರೆ ಪಕ್ಕದವರ ಹೆಗಲಿಗೆ. ಸಿಬಿಲ್‌ಳ ಅನುಭವ ನಮಗೆ ಸಿಗುವುದು ಕ್ಯಾಥರಿನ್‌ಳ ಬಾಯಿಂದ, ಕೆಲವೇ ಸಾಲುಗಳಲ್ಲಿ. ಬಸುರನ್ನು ಒಬ್ಬಳೇ ಬಚ್ಚಿಟ್ಟುಕೊಂಡ ಆ ಹುಡುಗಿಯ ತಿಂಗಳುಗಳು ಕಾದಂಬರಿಯ ಹೊರಗೇ ಉಳಿದಿವೆ. ಮಾಹಿತಿಯೂ ಓದಿದ ಕುಟುಂಬವೂ ಇರುವ ಹುಡುಗಿ ಕ್ಷೇಮವಾಗಿ ದಾಟುತ್ತಾಳೆ, ಉಳಿದವರು ಎಚ್ಚರಿಕೆಯ ಉದಾಹರಣೆಗಳಾಗುತ್ತಾರೆ.

ಇದು ಬ್ಲೂಮ್ ಒಬ್ಬರ ರೀತಿಯಲ್ಲ ಎಂಬುದಕ್ಕೆ ಮೂರು ದಶಕ ಹಿಂದಿನ ಸಾಕ್ಷ್ಯವಿದೆ. ಮೊರೀನ್ ಡೇಲಿ ಕಾಲೇಜಿನ ವಿದ್ಯಾರ್ಥಿನಿಯಾಗಿ ಬರೆದ ‘ಸೆವೆಂಟೀಂತ್ ಸಮ್ಮರ್’ 1942ರಲ್ಲಿ ಪ್ರಕಟವಾಯಿತು. ವಿಸ್ಕಾನ್ಸಿನ್‌ನ ಫಾಂಡ್ಯುಲಾಕ್ ಊರು, ಪಕ್ಕದಲ್ಲೇ ವಿನೆಬೇಗೋ ಸರೋವರ, ಒಂದು ಬೇಸಿಗೆ. ಮಧ್ಯಮವರ್ಗದ ಆ್ಯಂಜಿ, ಬೇಕರಿ ಮನೆತನದ ಜ್ಯಾಕ್. ಜ್ಯಾಕ್ ಊಟಕ್ಕೆ ಬಂದ ದಿನ ಅವನ ಚಮಚ ಹಲ್ಲಿಗೆ ತಗುಲಿ ಸದ್ದಾಗುತ್ತದೆ, ಆ್ಯಂಜಿಗೆ ಮನೆಯವರೆದುರು ನಾಚಿಕೆಯಾಗುತ್ತದೆ. ತಾನು ಪ್ರೀತಿಸುವ ಹುಡುಗನ ಬಗ್ಗೆ ಹುಟ್ಟಿದ ಆ ಸಣ್ಣ ತಾತ್ಸಾರ, ಅದರ ಬೆನ್ನಿಗೇ ಬರುವ ಕಸಿವಿಸಿ, ಇವೆರಡರಲ್ಲಿ ವರ್ಗಭೇದ ಹದಿನೇಳರ ಮನಸ್ಸಿನೊಳಗೆ ಹೇಗೆ ಕೆಲಸ ಮಾಡುತ್ತದೆಂಬುದೆಲ್ಲ ಇದೆ. ಈ ಇಡೀ ಪ್ರಕಾರದಲ್ಲಿ ನಾನು ಅತ್ಯಂತ ಬೆಲೆ ಕೊಡುವ ದೃಶ್ಯ ಇದು. ಬೇಸಿಗೆ ಮುಗಿದಾಗ ಆ್ಯಂಜಿ ಷಿಕಾಗೋದ ಕಾಲೇಜಿಗೆ, ಜ್ಯಾಕ್ ಮನೆಯವರೊಂದಿಗೆ ಓಕ್ಲಹೋಮಕ್ಕೆ. ಇಲ್ಲಿಯೂ ನಾಯಕಿಗೆ ಗಾಯವಿಲ್ಲ. ಗಾಯವಾಗುವುದು ಅವಳ ಅಕ್ಕ ಲೊರೇನ್‌ಗೆ. ಹೊರಊರಿಂದ ಬಂದ ಮಾರ್ಟಿನ್ ಎಂಬವನು ಅವಳನ್ನು ಹಗುರವಾಗಿ ನಡೆಸಿಕೊಂಡು ಹೊರಟುಹೋಗುತ್ತಾನೆ. ತಂಗಿಯ ಬೇಸಿಗೆ ಸುಂದರವಾಗಿ ಉಳಿಯಲೆಂದು ಅಕ್ಕನ ಬೇಸಿಗೆ ಹಾಳಾಗುತ್ತದೆ.

ನ್ಯಾನ್ಸಿ ಗಾರ್ಡನ್‌ರ ‘ಆನಿ ಆನ್ ಮೈ ಮೈಂಡ್’ (1982) ಈ ವಾದಕ್ಕೆ ಇನ್ನೂ ಗಟ್ಟಿಯಾದ ಆಧಾರ. ನ್ಯೂಯಾರ್ಕಿನ ಲೈಜಾ ಮತ್ತು ಆನಿ ಎಂಬ ಇಬ್ಬರು ಹುಡುಗಿಯರ ಪ್ರೇಮ ಕೊನೆಗೂ ಉಳಿಯುತ್ತದೆ. ಸಲಿಂಗಪ್ರೇಮದ ಕಥೆಗಳು ಅಪಘಾತ, ಅಗಲಿಕೆಗಳಲ್ಲಿ ಮುಗಿಯುತ್ತಿದ್ದ ಕಾಲದಲ್ಲಿ ಇದು ಅಪರೂಪ. ಆದರೆ ಗುಟ್ಟು ಹೊರಬಿದ್ದಾಗ ಕೆಲಸ ಕಳೆದುಕೊಳ್ಳುವವರು ಜೊತೆಯಾಗಿ ಬಾಳುತ್ತಿದ್ದ, ಲೈಜಾಳ ಶಾಲೆಯ ಇಬ್ಬರು ಶಿಕ್ಷಕಿಯರು. ಗಾರ್ಡನ್ ಮಾತ್ರ ಇದನ್ನು ಅಂಚಿಗೆ ತಳ್ಳುವುದಿಲ್ಲ. ತನ್ನಿಂದ ಇನ್ನೊಬ್ಬರ ಜೀವನೋಪಾಯ ಹೋಯಿತೆಂಬ ಅರಿವು ಲೈಜಾಳನ್ನು ತಿಂಗಳುಗಟ್ಟಲೆ ಕಾಡುತ್ತದೆ, ಆನಿಗೆ ಕಾಗದ ಬರೆಯಲೂ ಬಿಡುವುದಿಲ್ಲ. ಡೇಲಿ, ಬ್ಲೂಮ್ ಇಬ್ಬರಿಗಿಂತ ಇಲ್ಲಿ ಅವರು ಒಂದು ಹೆಜ್ಜೆ ಮುಂದಿದ್ದಾರೆ: ದಂಡ ಪಕ್ಕದವರಿಗೇ ಬಿದ್ದಿದೆ, ಆದರೆ ನಾಯಕಿಗೆ ಅದು ಗೊತ್ತಿದೆ. ಈ ಪುಸ್ತಕವನ್ನು 1993ರಲ್ಲಿ ಕನ್ಸಾಸ್ ಸಿಟಿಯಲ್ಲಿ ಸುಟ್ಟರು. ಒಲೇಥಾದ ಶಾಲಾ ಗ್ರಂಥಾಲಯಗಳು ತೆಗೆದುಹಾಕಿದ ಪ್ರತಿಗಳನ್ನು ಹಿಂದಿರುಗಿಸುವಂತೆ 1995ರಲ್ಲಿ ಫೆಡರಲ್ ನ್ಯಾಯಾಲಯ ಆದೇಶಿಸಬೇಕಾಯಿತು.

ರೇನ್‌ಬೋ ರೋವೆಲ್‌ರ ‘ಎಲಿನರ್ ಅಂಡ್ ಪಾರ್ಕ್’ ಈ ಮಾದರಿಗೆ ಒಗ್ಗುವುದಿಲ್ಲ. 1986ರ ಓಮಹಾ ನಗರ, ಶಾಲಾ ಬಸ್ಸಿನ ಒಂದೇ ಸೀಟು, ಹಂಚಿಕೊಂಡ ಕಾಮಿಕ್ಸ್ ಮತ್ತು ಕ್ಯಾಸೆಟ್ಟು. ಎಲಿನರ್‌ಳ ಸಂಕಟ ಪ್ರೇಮದಿಂದ ಹುಟ್ಟಿದ್ದಲ್ಲ. ಬಡತನ ಮತ್ತು ಮಲತಂದೆಯ ದೌರ್ಜನ್ಯದಿಂದ ಬಂದದ್ದು, ಪ್ರೇಮಕ್ಕಿಂತ ಮೊದಲೇ ಇದ್ದದ್ದು. ಆದ್ದರಿಂದ ಪಕ್ಕದವರ ಮೇಲೆ ಹೊರಿಸಬೇಕಾದ ದಂಡವೇ ಇಲ್ಲ.

ಯುವ ಓದುಗರಿಗಾಗಿ ಬರೆದ ಸಾಧನೆಯನ್ನು ಗೌರವಿಸುವ ಮಾರ್ಗರೆಟ್ ಎ. ಎಡ್ವರ್ಡ್ಸ್ ಪ್ರಶಸ್ತಿಯನ್ನು ಬ್ಲೂಮ್‌ಗೆ 1996ರಲ್ಲಿ ಕೊಟ್ಟದ್ದು ‘ಫಾರೆವರ್’ ಕಾದಂಬರಿಗಾಗಿ. 2024ರ ಆಗಸ್ಟ್‌ನಲ್ಲಿ ಯೂಟಾ ರಾಜ್ಯ ತನ್ನ ಎಲ್ಲ ಸರ್ಕಾರಿ ಶಾಲೆಗಳಿಂದ ತೆಗೆಸಿದ 13 ಪುಸ್ತಕಗಳಲ್ಲಿಯೂ ಅದು ಇತ್ತು. ನಿಷೇಧಿಸಿದವರು ಪುಸ್ತಕ ಕಲಿಸುವ ಎಚ್ಚರಿಕೆಯನ್ನು ಗಮನಿಸಿದಂತಿಲ್ಲ. ಸಿಬಿಲ್‌ಳ ಕಥೆ ಅವರು ಬಯಸುವ ಪಾಠವನ್ನೇ ಹೇಳುತ್ತದೆ.

2025ರಲ್ಲಿ ಮಾರಾ ಬ್ರಾಕ್ ಅಕಿಲ್ ಈ ಕಾದಂಬರಿಯನ್ನು ಆಧರಿಸಿ ನೆಟ್‌ಫ್ಲಿಕ್ಸ್‌ಗೆ ಸರಣಿ ಮಾಡಿದರು. ಕಥೆ 2018ರ ಲಾಸ್ ಏಂಜಲಿಸ್‌ಗೆ, ಕಪ್ಪು ಕುಟುಂಬಗಳಿಗೆ ಸಾಗಿದೆ. ನಾಯಕಿ ಕೀಶಾ ಹಳೆಯ ಶಾಲೆ ಬಿಟ್ಟು ಬಂದವಳು. ಹಿಂದಿನ ಸಂಬಂಧದ ಖಾಸಗಿ ವಿಡಿಯೊ ಒಂದು ಫೋನಿಂದ ಫೋನಿಗೆ ಹರಿದಾಡಿದ್ದೇ ಕಾರಣ. ಇಲ್ಲಿ ದಂಡವನ್ನು ಗೆಳತಿಗೋ ಅಕ್ಕನಿಗೋ ವರ್ಗಾಯಿಸಿಲ್ಲ. ಅದನ್ನು ಹೊತ್ತವಳೇ ಕಥೆಯ ನಡುವೆ ನಿಂತಿದ್ದಾಳೆ, ತಾಯಿಗೂ ಹೇಳಲಾಗದೆ ಓದು ಮುಂದುವರಿಸುತ್ತಾಳೆ, ಮತ್ತೆ ಪ್ರೀತಿಸುತ್ತಾಳೆ. ಬ್ಲೂಮ್ ಸಿಬಿಲ್‌ಗೆ ಕೊಡದಿದ್ದ ಅಧ್ಯಾಯಗಳನ್ನು ಬರೆದರೆ ಅವು ಹೇಗಿರಬಹುದು ಎಂಬುದಕ್ಕೆ ಸದ್ಯಕ್ಕೆ ನನಗೆ ಸಿಕ್ಕ ಹತ್ತಿರದ ಉದಾಹರಣೆ ಇದು.