ಎಎಂ ರೇಡಿಯೊ: ನಿಯಮ, ಒಡೆತನ ಮತ್ತು ಉಳಿವು

ಧ್ವನಿಯ ಏರಿಳಿತಕ್ಕೆ ತಕ್ಕಂತೆ ವಾಹಕ ಅಲೆಯ ಎತ್ತರವನ್ನು ಬದಲಿಸುವ ಪ್ರಸಾರ ವಿಧಾನವೇ ಎಎಂ. ಕನ್ನಡ ಕೇಳುಗರಿಗೆ ಇದು ಮೀಡಿಯಂ ವೇವ್ ಆಗಿ ಪರಿಚಿತ. ಅಮೆರಿಕದ ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ 1920ರ ನವೆಂಬರ್ 2ರಂದು ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಬಿತ್ತರಿಸಿದ್ದು ಈ ವಿಧಾನದಲ್ಲೇ. ಎಎಂ ಸೊರಗಲು ಎಫ್‌ಎಂನ ಸ್ವಚ್ಛ ಧ್ವನಿ, ಆಮೇಲೆ ಮೊಬೈಲ್ ಫೋನು ಕಾರಣವೆಂದು ಹೇಳುವುದು ರೂಢಿ. ಅದು ಅರ್ಧ ಸತ್ಯ. ಅಮೆರಿಕದಲ್ಲಿ ಎಷ್ಟೋ ಕೇಂದ್ರಗಳ ಅಳಿವು ಉಳಿವು ತೀರ್ಮಾನವಾದದ್ದು ಪರವಾನಗಿಯ ನಿಯಮಗಳಲ್ಲಿ ಮತ್ತು ಮಾಲೀಕರ ಲೆಕ್ಕಪುಸ್ತಕಗಳಲ್ಲಿ.

ಮಧ್ಯಮ ತರಂಗಗಳು ಹಗಲು ನೆಲ ಹಿಡಿದು ಸಾಗುತ್ತವೆ. ರಾತ್ರಿ ಮೇಲಿನ ಅಯಾನುಮಂಡಲದಿಂದ ಪ್ರತಿಫಲಿಸಿ ನೂರಾರು ಕಿಲೋಮೀಟರ್ ಆಚೆ ಇಳಿದು ಬೇರೆ ಕೇಂದ್ರಗಳ ಮೇಲೆ ಬೀಳುತ್ತವೆ. ಈ ಗೊಂದಲ ತಡೆಯಲು 1927ರ ರೇಡಿಯೊ ಕಾಯ್ದೆಯಡಿ ಅಮೆರಿಕದಲ್ಲಿ ರಚನೆಯಾದ ಆಯೋಗವು ಮರುವರ್ಷ ಕೆಲವು ಕೇಂದ್ರಗಳಿಗೆ ರಾತ್ರಿಯಿಡೀ ದೂರ ಮುಟ್ಟುವ ಹಕ್ಕು ಕೊಟ್ಟಿತು. ಉಳಿದ ಅನೇಕ ಕೇಂದ್ರಗಳು ಕತ್ತಲಾದೊಡನೆ ಶಕ್ತಿ ತಗ್ಗಿಸಬೇಕಿತ್ತು, ಇಲ್ಲವೇ ಬಾಗಿಲು ಹಾಕಬೇಕಿತ್ತು. ಸಿನ್ಸಿನಾಟಿಯ ಡಬ್ಲ್ಯುಎಲ್‌ಡಬ್ಲ್ಯು 1934ರಿಂದ 1939ರವರೆಗೆ 500 ಕಿಲೋವಾಟ್‌ನಲ್ಲಿ ಪ್ರಯೋಗ ನಡೆಸಿತಾದರೂ 50 ಕಿಲೋವಾಟ್ ಮಿತಿಯೇ ಖಾಯಂ ಆಯಿತು. ವಿಜ್ಞಾನದ ದೃಷ್ಟಿಯಿಂದ ಈ ಹಂಚಿಕೆ ಅನಿವಾರ್ಯವಾಗಿತ್ತು. ಆದರೆ ಚಳಿಗಾಲದ ಸಂಜೆ, ಜನ ಕೆಲಸ ಮುಗಿಸಿ ಮನೆಗೆ ಹೊರಡುವ ಹೊತ್ತಿಗೇ ಸಣ್ಣೂರಿನ ಕೇಂದ್ರ ಸುಮ್ಮನಾದರೆ ಅದಕ್ಕೆ ಜಾಹೀರಾತು ಕೊಡುವವರು ಯಾರು?

1960ರ ದಶಕದ ನಡುವೆ, ಆ ಆಯೋಗದ ಜಾಗಕ್ಕೆ ಬಂದಿದ್ದ ಪ್ರಸಾರ ಆಯೋಗ ಎಫ್‌ಸಿಸಿ ಮತ್ತೊಂದು ನಿಯಮ ತಂದಿತು. ಲಕ್ಷ ಮೀರಿದ ಜನಸಂಖ್ಯೆಯ ನಗರಗಳಲ್ಲಿ, ಒಬ್ಬನೇ ಮಾಲೀಕನ ಎಎಂ ಮತ್ತು ಎಫ್‌ಎಂ ಕೇಂದ್ರಗಳು ದಿನವಿಡೀ ಒಂದೇ ಕಾರ್ಯಕ್ರಮ ಬಿತ್ತರಿಸುವಂತಿರಲಿಲ್ಲ. ಎಫ್‌ಎಂಗೆ ಸ್ವಂತ ಕೇಳುಗರು ಸಿಕ್ಕಿದ್ದು ಹೀಗೆ. ಸಂಗೀತವನ್ನು ಎಎಂನಲ್ಲೇ ಉಳಿಸಿಕೊಳ್ಳಲು ಸ್ಟೀರಿಯೊ ನೆರವಾಗಬಹುದಿತ್ತು. ಆಯೋಗ 1980ರಲ್ಲಿ ಒಂದು ಕಂಪನಿಯ ಸ್ಟೀರಿಯೊ ವಿಧಾನವನ್ನು ಆರಿಸಿ, 1982ರಲ್ಲಿ ಕೈಬಿಟ್ಟು, ಆಯ್ಕೆಯನ್ನು ಮಾರುಕಟ್ಟೆಗೆ ಒಪ್ಪಿಸಿತು. ಕೊನೆಗೆ ಮೊಟೊರೊಲಾದ ವಿಧಾನಕ್ಕೆ ಮುದ್ರೆ ಬಿದ್ದದ್ದು 1993ರಲ್ಲಿ. ಅಷ್ಟರಲ್ಲಿ ಹಾಡುಗಳು ಎಫ್‌ಎಂ ಸೇರಿದ್ದವು. ಎಎಂಗೆ ಆಗ ಆಸರೆಯಾದದ್ದು ಮಾತು. ವಿವಾದಿತ ವಿಷಯಗಳಲ್ಲಿ ಎರಡೂ ಕಡೆಯ ವಾದಕ್ಕೆ ಅವಕಾಶ ಕೊಡಬೇಕೆಂಬ ನಿಯಮ 1987ರಲ್ಲಿ ರದ್ದಾಯಿತು. ಮರುವರ್ಷ ರಷ್ ಲಿಂಬಾ ಅವರ ರಾಜಕೀಯ ಮಾತುಗಾರಿಕೆ ದೇಶವ್ಯಾಪಿಯಾಯಿತು. ಕೇಂದ್ರಗಳು ಉಳಿದವು. ಊರೂರಿನ ದನಿ ಮಾತ್ರ ಕ್ಷೀಣಿಸುತ್ತ ಹೋಯಿತು.

ಒಡೆತನದ ಕಥೆ ಇನ್ನೂ ಕಠೋರವಾದದ್ದು. 1950ರ ದಶಕದಿಂದ ಮೂರು ದಶಕ ಕಾಲ ಒಬ್ಬ ಮಾಲೀಕ ಇಡೀ ದೇಶದಲ್ಲಿ ಏಳಕ್ಕಿಂತ ಹೆಚ್ಚು ಎಎಂ ಕೇಂದ್ರ ಹೊಂದುವಂತಿರಲಿಲ್ಲ. ಆಮೇಲೆ ಹಂತಹಂತವಾಗಿ ಸಡಿಲವಾದ ಆ ಮಿತಿಯನ್ನು 1996ರ ದೂರಸಂಪರ್ಕ ಕಾಯ್ದೆ ಪೂರ್ತಿ ಕಿತ್ತುಹಾಕಿತು. ಕ್ಲಿಯರ್ ಚಾನೆಲ್ ಕಂಪನಿಯ ಕೈಗೆ ಕೆಲವೇ ವರ್ಷಗಳಲ್ಲಿ ಸುಮಾರು 1,200 ಕೇಂದ್ರಗಳು ಬಂದವು. 2002ರ ಜನವರಿ 18ರ ನಸುಕಿಗೂ ಮುನ್ನ, ನಾರ್ತ್ ಡಕೋಟಾದ ಮೈನಾಟ್ ಬಳಿ ರೈಲು ಹಳಿ ತಪ್ಪಿ ಅಮೋನಿಯ ಸೋರಿತು. ಊರಿನ ಆರೂ ವಾಣಿಜ್ಯ ಕೇಂದ್ರಗಳು ಇದೇ ಕಂಪನಿಯವು. ತುರ್ತು ಪ್ರಸಾರದ ಎಎಂ ಕೇಂದ್ರಕ್ಕೆ ಪೊಲೀಸರು ಕರೆ ಮಾಡಿದರೂ ಯಾರೂ ಸಿಗಲಿಲ್ಲ. ಎಚ್ಚರಿಕೆ ಸಾಧನವನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲವೆಂದು ಕಂಪನಿ ವಾದಿಸಿತು. ತಪ್ಪು ಯಾರದೇ ಇರಲಿ, ಒಬ್ಬರು ಸತ್ತರು, ನೂರಾರು ಜನ ಗಾಯಗೊಂಡರು. ಆಪತ್ತಿನಲ್ಲಿ ಊರನ್ನು ಎಬ್ಬಿಸುವುದು ಎಎಂನ ಮೊದಲ ಕರ್ತವ್ಯವೆಂದು ನಂಬುವವರು ಈ ಘಟನೆಯನ್ನು ಮರೆತಿಲ್ಲ. ಸಾಲ ಮಾಡಿ ಕೇಂದ್ರ ಕೊಂಡವರ ಗತಿಯೂ ನೆಟ್ಟಗಾಗಲಿಲ್ಲ. 2017ರಲ್ಲಿ ಕ್ಯುಮುಲಸ್, 2018ರಲ್ಲಿ ಐಹಾರ್ಟ್‌ಮೀಡಿಯಾ (ಹಳೆಯ ಕ್ಲಿಯರ್ ಚಾನೆಲ್), 2024ರಲ್ಲಿ ಆಡಸಿ ಕಂಪನಿಗಳು ದಿವಾಳಿ ರಕ್ಷಣೆ ಕೋರಿದವು.

ಸಾಲ ಹೊತ್ತ ಮಾಲೀಕನ ಕಣ್ಣು ಜಮೀನಿನ ಮೇಲೂ ಬೀಳುತ್ತದೆ. ಎಎಂ ಗೋಪುರಕ್ಕೆ ನೂರು ಮೀಟರ್ ಆಸುಪಾಸಿನ ಎತ್ತರ, ಸುತ್ತ ಮಣ್ಣಿನಲ್ಲಿ ಹೂತ ತಾಮ್ರದ ತಂತಿಗಳ ಜಾಲ, ಎಕರೆಗಟ್ಟಲೆ ನೆಲ ಬೇಕು. ಒಂದು ಕಾಲದ ಊರಾಚೆಯ ಆ ಹೊಲಗಳು ಇಂದು ನಗರದ ನಡುವಿವೆ. ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿ ಕ್ಯುಮುಲಸ್ ತನ್ನ ಸುಮಾರು 75 ಎಕರೆ ಪ್ರಸಾರ ನೆಲವನ್ನು ಮನೆ ಕಟ್ಟುವವರಿಗೆ ಮಾರಿತು. 2020ರಲ್ಲಿ ಅಲ್ಲಿನ ಗೋಪುರಗಳನ್ನು ಉರುಳಿಸಲಾಯಿತು. ಕೇಳುವ ಕಡೆಯೂ ಎಎಂ ಜಾಗ ಕಳೆದುಕೊಂಡಿತು: ವಿದ್ಯುತ್ ಕಾರಿನ ಮೋಟಾರು ಎಎಂ ಅಲೆಗೆ ಅಡ್ಡಿ ಮಾಡುತ್ತದೆಂದು ಕೆಲವು ಕಂಪನಿಗಳು ಕಾರಿನಿಂದ ಎಎಂ ರೇಡಿಯೊ ತೆಗೆದವು. ಅದನ್ನು ಎಲ್ಲ ಹೊಸ ವಾಹನಗಳಲ್ಲೂ ಕಡ್ಡಾಯಗೊಳಿಸುವ ಮಸೂದೆಯನ್ನು 2023ರಲ್ಲಿ ಎರಡೂ ಪಕ್ಷದವರು ಸೇರಿ ಮಂಡಿಸಿದರು.

ಭಾರತದ ದಾರಿ ಬೇರೆ. ಮೀಡಿಯಂ ವೇವ್ ಇಲ್ಲಿ ಖಾಸಗಿಯವರಿಗೆ ತೆರೆದಿಲ್ಲ. 2001ರ ಜುಲೈಯಲ್ಲಿ ಬೆಂಗಳೂರಿನಿಂದ ಆರಂಭವಾದ ಖಾಸಗಿ ವಾಹಿನಿಗಳಿಗೆ ಸಿಕ್ಕಿದ್ದು ಎಫ್‌ಎಂ ಮಾತ್ರ. ಧಾರವಾಡ, ಭದ್ರಾವತಿ, ಕಲಬುರಗಿ ಕೇಂದ್ರಗಳ ಮೀಡಿಯಂ ವೇವ್ ಪ್ರಸಾರಕ್ಕೆ ಪ್ರಸಾರ ಭಾರತಿಯೇ ಒಡೆಯ. ಆದ್ದರಿಂದ ಇಲ್ಲಿ ಕೇಂದ್ರಗಳ ಕೊಳ್ಳುವಿಕೆ, ದಿವಾಳಿ ಎಂಬುದಿಲ್ಲ. ಆದರೆ ದೆಹಲಿಯ ಒಂದು ಆದೇಶಕ್ಕೆ ಟ್ರಾನ್ಸ್‌ಮಿಟರ್ ನಿಲ್ಲಬಹುದು. ಈಚೆಗೆ ದೇಶದ ಹಲವೆಡೆ ಹಳೆಯ ಯಂತ್ರಗಳನ್ನು ನಿಲ್ಲಿಸಿ ಎಫ್‌ಎಂಗೆ ಒತ್ತು ಕೊಡಲಾಗಿದೆ. ಎಫ್‌ಎಂ ಅಲೆಗೆ ಗುಡ್ಡ ಅಡ್ಡವಾಗುತ್ತದೆ. ಮಲೆನಾಡಿನಂಥ ಕಡೆ, ಒಂದು ಮೀಡಿಯಂ ವೇವ್ ಗೋಪುರ ಮುಟ್ಟುತ್ತಿದ್ದ ಕಣಿವೆಗಳನ್ನೆಲ್ಲ ಮುಟ್ಟಲು ಹಲವು ಎಫ್‌ಎಂ ಗೋಪುರಗಳು ಬೇಕಾಗುತ್ತವೆ.