ಮನಿಲಾದ ರಿಜಾಲ್ ಕ್ರೀಡಾ ಸಂಕೀರ್ಣ: ಮಾರಾಟದಿಂದ ಪಾರಾದ ಚಿನ್ನದ ಅಂಗಳ

ಫಿಲಿಪ್ಪೀನ್ಸ್ ರಾಜಧಾನಿ ಮನಿಲಾದ ಮಲಾಟೆ ಪ್ರದೇಶದಲ್ಲಿರುವ ರಿಜಾಲ್ ಮೆಮೋರಿಯಲ್ ಆ ದೇಶದ ಹಳೆಯ ಕ್ರೀಡಾ ಸಂಕೀರ್ಣಗಳಲ್ಲೊಂದು. ರಾಷ್ಟ್ರನಾಯಕ ಹೋಸೆ ರಿಜಾಲ್ ಹೆಸರಿನ ಈ ಸಂಕೀರ್ಣದಲ್ಲಿ 1934ರಲ್ಲಿ ದೂರಪ್ರಾಚ್ಯ ಕ್ರೀಡಾಕೂಟ ನಡೆಯಿತು. ಫುಟ್‌ಬಾಲ್ ಮತ್ತು ಅಥ್ಲೆಟಿಕ್ಸ್ ಮೈದಾನ, ಬೇಸ್‌ಬಾಲ್ ಕ್ರೀಡಾಂಗಣ, ಒಳಾಂಗಣ ಕ್ರೀಡಾಂಗಣ, ಟೆನಿಸ್ ಅಂಕಣ, ಈಜುಕೊಳ ಎಲ್ಲವೂ ಒಂದೇ ಆವರಣದಲ್ಲಿವೆ.

ಇತಿಹಾಸದ ಹೆಜ್ಜೆಗಳು

* 1934: ಅಮೆರಿಕದ ಬೇಸ್‌ಬಾಲ್ ದಿಗ್ಗಜ ಬೇಬ್ ರೂತ್ ಇಲ್ಲಿ ಆಡಿದರು.
* 1945: ಜಪಾನ್ ಮತ್ತು ಅಮೆರಿಕ ಪಡೆಗಳ ನಡುವಿನ ಮನಿಲಾ ಕದನದಲ್ಲಿ ಬೇಸ್‌ಬಾಲ್ ಮೈದಾನವೇ ರಣರಂಗವಾಯಿತು.
* 1954: 2ನೇ ಏಷ್ಯನ್ ಕ್ರೀಡಾಕೂಟ. ಮೊದಲನೆಯದು 1951ರಲ್ಲಿ ನವದೆಹಲಿಯಲ್ಲಿ ನಡೆದಿತ್ತು.
* 1966: ಜುಲೈ 4ರಂದು ಬೀಟಲ್ಸ್ ತಂಡ ಒಂದೇ ದಿನ ಎರಡು ಪ್ರದರ್ಶನ ನೀಡಿತು.

ಮಾರಾಟದ ಪ್ರಸ್ತಾವ

2016ರಲ್ಲಿ ಈ ಜಾಗವನ್ನು ವಾಣಿಜ್ಯ ಬಳಕೆಗೆ ಮಾರುವ ಮಾತು ನಗರಾಡಳಿತದಲ್ಲಿ ಕೇಳಿಬಂತು. ಕ್ರೀಡಾಪಟುಗಳು, ಪರಂಪರೆ ಪ್ರೇಮಿಗಳು ಇದನ್ನು ವಿರೋಧಿಸಿದರು. 2017ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂಬ ಮಾನ್ಯತೆ ಸಿಕ್ಕಿ, ಕಟ್ಟಡಗಳಿಗೆ ಕಾನೂನಿನ ರಕ್ಷಣೆ ದೊರೆಯಿತು. 2019ರ ಆಗ್ನೇಯ ಏಷ್ಯಾ ಕ್ರೀಡಾಕೂಟಕ್ಕೆ ಸಂಕೀರ್ಣವನ್ನು ನವೀಕರಿಸಲಾಯಿತು.

ಉಳಿಸಿಕೊಂಡದ್ದರ ಬೆಲೆ ಏನೆಂಬುದಕ್ಕೆ ಕಾರ್ಲೋಸ್ ಯುಲೊ ಸಾಕ್ಷಿ. ಮಲಾಟೆಯಲ್ಲೇ ಬೆಳೆದ ಅವರು ಬಾಲ್ಯದಲ್ಲಿ ಜಿಮ್ನಾಸ್ಟಿಕ್ಸ್ ಕಲಿತದ್ದು ಇದೇ ಆವರಣದಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಎರಡು ಚಿನ್ನ ಗೆದ್ದರು.