ಮೈಸೂರು ಸೀಮೆಯ ತಂತಿಕಳ್ಳರು

ದಾರಿಹೋಕರೊಡನೆ ಸ್ನೇಹ ಬೆಳೆಸಿ, ಅವರು ಮೈಮರೆತಿರುವಾಗ ಕೊರಳಿಗೆ ಉರುಲು ಬಿಗಿದು ಕೊಂದು, ಹಣವನ್ನಪಹರಿಸಿ ಹೆಣವನ್ನು ಹೂಳುತ್ತಿದ್ದ ತಂಡಗಳವರಿಗೆ ಉತ್ತರ ಹಿಂದೂಸ್ಥಾನದಲ್ಲಿ ಠಗ್ಗರೆಂದು ಹೆಸರು. ಕನ್ನಡದಲ್ಲಿ ಇವರನ್ನು ‘ತಂತಿಕಳ್ಳರು’ ಎನ್ನುತ್ತಿದ್ದರೆಂದು ಮದರಾಸಿನ ವೈದ್ಯನಾದ ರಿಚರ್ಡ್ ಷೆರ್‌ವುಡ್ ಎಂಬಾತನು ೧೮೧೬ರಲ್ಲಿ ಪ್ರಕಟಿಸಿದ ಲೇಖನದಿಂದ ತಿಳಿದುಬರುತ್ತದೆ. ತಂತಿಯೆಂದರೆ ಇಲ್ಲಿ ಉರುಲಿನ ಹುರಿ. ಅದೇ ಲೇಖನದಲ್ಲಿ ಕಾಣುವ ತಮಿಳು ಹೆಸರಿನಲ್ಲಿ ‘ತುಲುಕ್ಕರ್’ ಎಂಬ ಮತಸೂಚಕ ಪದವು ಸೇರಿದೆ. ಕನ್ನಡದ ಹೆಸರು ಕೃತ್ಯದ ಸಾಧನವನ್ನು ಮಾತ್ರ ಹೇಳುತ್ತದೆ. ತಂಡಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಇದ್ದುದರಿಂದ ಕನ್ನಡದ ಹೆಸರೇ ಯಥಾರ್ಥವಾದುದು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಬೆಂಗಳೂರಿನಲ್ಲಿ ಇವರಲ್ಲಿ ಸುಮಾರು ನೂರು ಮಂದಿ ಸೆರೆಸಿಕ್ಕಿದರು. ಇದೊಂದು ಪ್ರತ್ಯೇಕವಾದ ವೃತ್ತಿಯೆಂಬುದು ಆಗ ಆಂಗ್ಲರಿಗೆ ಹೊಳೆಯಲಿಲ್ಲ. ೧೮೦೭ರಲ್ಲಿ, ತಿರುವಾಂಕೂರಿನಿಂದ ಕೊಳ್ಳೆಯೊಡನೆ ಮರಳಿದ್ದ ತಂಡವೊಂದರವರು ಚಿತ್ತೂರು ಆರ್ಕಾಟುಗಳ ನಡುವೆ ಸಿಕ್ಕಿದ ಮೇಲೆ ಅದು ಸ್ಪಷ್ಟವಾಯಿತು. ನಾಡಿನ ದೊರೆಗಳಿಗಾದರೋ ಇವರು ಹೊಸಬರಲ್ಲ. ಹೈದರಲಿಯು ವಿಚಾರಣೆಯ ವಿಳಂಬವಿಲ್ಲದೆ ಹಲವರನ್ನು ಕೊಲ್ಲಿಸಿದನು. ಟಿಪ್ಪುವಿನ ಕಾಲದಲ್ಲಿ ಕೆಲವರಿಗೆ ಕಠಿನ ದುಡಿಮೆ, ಕೆಲವರಿಗೆ ಅಂಗಚ್ಛೇದ. ದಿವಾನ್ ಪೂರ್ಣಯ್ಯನವರು ದಾರಿಗಳ್ಳತನಕ್ಕೆ ಮರಣದಂಡನೆಯನ್ನೇ ವಿಧಿಸಿದರು.

ಇಷ್ಟು ಶಿಕ್ಷೆಗಳಿದ್ದೂ ಈ ವೃತ್ತಿಯು ಬಹುಕಾಲ ಉಳಿದುದಕ್ಕೆ ಕಾರಣವೇನು? ಗಡಿಯ ಪಾಳೆಯಗಾರರು ಕೊಳ್ಳೆಯಲ್ಲಿ ಪಾಲು ಪಡೆದು ಆಶ್ರಯ ಕೊಡುತ್ತಿದ್ದುದೇ ಮುಖ್ಯವಾದ ಕಾರಣ. ಅಮೆರಿಕಾದ ಶಿಕಾಗೊ ನಗರದಲ್ಲಿ, ೧೯೨೦ರಿಂದ ೧೯೩೩ರವರೆಗಿನ ಪಾನನಿರೋಧದ ಕಾಲದಲ್ಲಿ, ಕಳ್ಳಮದ್ಯದ ತಂಡಗಳು ಬೆಳೆದುದೂ ಲಂಚ ತಿಂದ ಅಧಿಕಾರಿಗಳ ನೆರಳಿನಲ್ಲಿಯೇ. ಎರಡೂ ಕಡೆ ಪಾತಕವನ್ನು ಪೋಷಿಸಿದುದು ಕುಲವಲ್ಲ, ರಕ್ಷಣೆ.

ಕಂಪೆನಿ ಸರ್ಕಾರವು ಇದನ್ನು ಬೇರೆ ಬಗೆಯಾಗಿ ತಿಳಿಯಿತು. ಠಗ್ಗರ ತಂಡಕ್ಕೆ ಸೇರಿದವನೆಂದು ಸಿದ್ಧವಾದರೆ ಸಾಕು, ಯಾವಜ್ಜೀವ ಸೆರೆಯೆಂದು ೧೮೩೬ರ ಶಾಸನವು ವಿಧಿಸಿತು. ಪಾತಕವು ವಂಶಪಾರಂಪರ್ಯವಾದುದೆಂಬ ಭಾವನೆಯು ಇದರಿಂದ ಬಲಗೊಂಡು, ೧೮೭೧ರ ಕಾನೂನಿನಲ್ಲಿ ಇಡೀ ಜಾತಿಗಳನ್ನೇ ಅಪರಾಧಿಗಳೆಂದು ಪಟ್ಟಿಮಾಡುವ ಮಟ್ಟಕ್ಕೇರಿತು. ೧೯೧೧ರಲ್ಲಿ ಅದು ಮದರಾಸು ಆಧಿಪತ್ಯಕ್ಕೂ ವ್ಯಾಪಿಸಿತು. ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥ ಕುಟುಂಬಗಳನ್ನು ಕೂಡಿಡಲು ಸೆಟ್ಲಮೆಂಟುಗಳು ಏರ್ಪಟ್ಟವು. ಏನೂ ಅರಿಯದ ಹಸುಳೆಯೂ ಹುಟ್ಟಿನಿಂದಲೇ ಸಂಶಯಕ್ಕೆ ಗುರಿಯಾಯಿತು. ೧೯೫೨ರಲ್ಲಿ ಆ ಕಾನೂನು ರದ್ದಾದರೂ ಅದು ಹಚ್ಚಿದ ಮಸಿ ಜನರ ಮಾತಿನಿಂದ ಅಳಿದಿಲ್ಲ.

ಹುರಿಯನ್ನು ಬಿಸುಟವನು ತಂತಿಕಳ್ಳನಾಗಿ ಉಳಿಯುವುದಿಲ್ಲ. ಹುಟ್ಟನ್ನು ಬಿಸುಡುವುದು ಯಾರಿಂದಲೂ ಆಗದು. ಶಾಸನಕರ್ತರು ಕಾಣದ ಈ ವಿವೇಕವನ್ನು ಕನ್ನಡದ ಹಳೆಯ ಹೆಸರೊಂದು ಕಾಪಾಡಿಕೊಂಡು ಬಂದಿದೆ.